ಕೊಸರು

2025ರ ಆಗಸ್ಟ್ 7, ಗುರುವಾರ. ಮಾರನೆಯ ದಿನ ವರಮಹಾಲಕ್ಷ್ಮಿ ಹಬ್ಬ. ಸೊಸೆ ಮೊಬೈಲಿನಲ್ಲಿ ತರಿಸಿದ ಸಾಮಾನು ಬಾಗಿಲಿಗೆ ಬಂದಾಗ ನನ್ನ ಕಾಫಿ ಇನ್ನೂ ಆರಿರಲಿಲ್ಲ. ತೆಂಗಿನಕಾಯಿ, ವೀಳ್ಯದೆಲೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆವೆತುಕೊಂಡ ಮಲ್ಲಿಗೆ. ಡಬ್ಬಿಯ ಮೇಲೆ ‘1 ಮೊಳ’ ಎಂದು ಅಚ್ಚಾಗಿತ್ತು. ಯಾರ ಮೊಳ? ನನ್ನ ಕೈಗೆ ಹಿಡಿದು ನೋಡಿದೆ. ನಾಲ್ಕು ಬೆರಳು ಕಡಿಮೆ. ಬಿಲ್ಲಿನಲ್ಲಿ ಕರಿಬೇವಿಗೂ ಒಂದು ಸಾಲು: 50 ಗ್ರಾಂ, 14 ರೂಪಾಯಿ. ಕರಿಬೇವಿಗೆ ದುಡ್ಡು ಕೊಡುವುದು ನನಗೆ ಇಂದಿಗೂ ಒಗ್ಗಿಲ್ಲ. ಅದು ಕೊಳ್ಳುವ ವಸ್ತುವೇ ಅಲ್ಲ, ತರಕಾರಿ ಕೊಂಡವರ ಚೀಲಕ್ಕೆ ಕೊನೆಯಲ್ಲಿ ತಾನಾಗಿ ಬೀಳುವ ಕೊಸರು.

“ಅಳತೆ ಕಡಿಮೆಯಿದ್ದರೆ ಒಂದು ಫೋಟೋ ಹಾಕಿದರಾಯಿತು ಅತ್ತೆ” ಎಂದು ಸೊಸೆ ಮಲ್ಲಿಗೆಯ ಚಿತ್ರ ತೆಗೆದು ಕಳುಹಿಸಿದಳು. ಎರಡೇ ನಿಮಿಷದಲ್ಲಿ ಪೂರ್ತಿ ಹಣ ವಾಪಸ್ ಬಂತು. ಹೂವೂ ನಮ್ಮಲ್ಲೇ ಉಳಿಯಿತು. ಜಗಳಕ್ಕೆಂದು ಸೆರಗು ಸಿಕ್ಕಿಸಿಕೊಂಡು ನಿಂತವಳಿಗೆ ಎದುರಾಳಿಯೇ ಇಲ್ಲ.

ನಾನು ಹುಟ್ಟಿದ್ದು 1964ರಲ್ಲಿ, ಬೆಳೆದದ್ದು ಬೆಂಗಳೂರಿನ ಹನುಮಂತನಗರದಲ್ಲಿ. ಸೇರು, ಪಾವುಗಳನ್ನು ಸರ್ಕಾರ 1962ರಲ್ಲೇ ಅಂಗಡಿಯಿಂದ ಓಡಿಸಿತ್ತು. ನಮ್ಮ ಅಮ್ಮನ ಬಾಯಿಂದ ಓಡಿಸಲು ಮಾತ್ರ ಅದಕ್ಕೆ ಆಗಲಿಲ್ಲ. ಆಕೆ ಕೇಳುತ್ತಿದ್ದುದು ಪಾವಿನ ಲೆಕ್ಕದಲ್ಲಿ, ಶೆಟ್ಟರು ತೂಗುತ್ತಿದ್ದುದು ಗ್ರಾಮಿನ ಲೆಕ್ಕದಲ್ಲಿ. ನಡುವಿನ ತಕರಾರು ತೀರುತ್ತಿದ್ದುದು ಕೊಸರಿನಿಂದ. ತಿಂಗಳ ಮೊದಲ ವಾರ ಸಾಮಾನಿನ ಚೀಟಿ ಬರೆಯುವ ಕೆಲಸ ನನ್ನದು. ಮೇಲೆ ‘ಶ್ರೀ’, ಮೊದಲ ಸಾಲಿನಲ್ಲಿ ಅರಿಶಿನ, ಅದು ಮನೆಯಲ್ಲಿ ಡಬ್ಬಿ ತುಂಬ ಇದ್ದರೂ ಸರಿ. ಶೆಟ್ಟರು ಚೀಟಿ ಓದುತ್ತ ಹಳೆಯ ಪತ್ರಿಕೆಯ ಹಾಳೆಯನ್ನು ಸುತ್ತಿ ಪೊಟ್ಟಣ ಮಾಡಿ, ಸೂರಿನಿಂದ ಇಳಿಬಿದ್ದ ಉಂಡೆಯಿಂದ ದಾರ ಎಳೆದು ಎರಡು ಸುತ್ತು ಸುತ್ತಿ ಪಟ್ಟನೆ ಹರಿಯುತ್ತಿದ್ದರು. ಬೇಳೆ ತೂಗಿ ತಕ್ಕಡಿ ಸಮವಾದ ಮೇಲೂ ಅಮ್ಮ ಕದಲುತ್ತಿರಲಿಲ್ಲ. “ಕೊಸರು ಹಾಕಿ ಶೆಟ್ಟರೇ” ಎನ್ನುವಳು. ನಾಲ್ಕು ಕಾಳು ಬೀಳುತ್ತಿದ್ದವು. ನನಗೆ ಪ್ರತ್ಯೇಕವಾಗಿ ಒಂದು ಹಿಡಿ ಹುರಿಗಡಲೆ.

ಆ ಕಾಲವನ್ನು ಹೊಗಳುತ್ತ ಕೂರುವವಳಲ್ಲ ನಾನು. ಅಕ್ಕಿಯಲ್ಲಿ ಕಲ್ಲು ಆರಿಸಿ ಆರಿಸಿಯೇ ಅಮ್ಮನ ಕಣ್ಣು ಸೋತಿತ್ತು. ಸೀಮೆಎಣ್ಣೆಗೆ ನ್ಯಾಯಬೆಲೆ ಅಂಗಡಿಯ ಮುಂದೆ ಡಬ್ಬಿಯನ್ನು ಸಾಲಿನಲ್ಲಿಟ್ಟು, ಅದರ ಕಾವಲಿಗೆ ನಿಂತು ನಾನು ಮಗ್ಗಿ ಬಾಯಿಪಾಠ ಮಾಡಿದ್ದೇನೆ.

ಉದ್ರಿಯ ಕಥೆ ಬೇರೆ. ಅಪ್ಪ ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿದ್ದರು. 1980ರ ಡಿಸೆಂಬರ್ ಕೊನೆಯಲ್ಲಿ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಮೊದಲಾದ ಕಾರ್ಖಾನೆಗಳ ಕಾರ್ಮಿಕರು ಮುಷ್ಕರ ಹೂಡಿದರು. 77 ದಿನ. ಅಷ್ಟೂ ದಿನ ನಮ್ಮ ಮನೆಯ ಒಲೆ ಉರಿದದ್ದು ಶೆಟ್ಟರ ಕೆಂಪು ಬಟ್ಟೆಯ ಹೊದಿಕೆಯ ಲೆಕ್ಕದ ಪುಸ್ತಕದಿಂದ. ಅವರು ಒಂದು ದಿನವೂ ಇಲ್ಲವೆನ್ನಲಿಲ್ಲ. ಆದರೆ ನಗದು ಗಿರಾಕಿಗಳೆಲ್ಲ ಹೋಗುವವರೆಗೆ ಅಮ್ಮ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು, ಯಾರೂ ಹೇಳದಿದ್ದರೂ. ತಕ್ಕಡಿ ಸಮವಾಗುವ ಮೊದಲೇ ಚೀಲ ಒಡ್ಡುತ್ತಿದ್ದಳು. ಆ ಎರಡೂವರೆ ತಿಂಗಳು ಆಕೆಯ ಬಾಯಲ್ಲಿ ಕೊಸರು ಎಂಬ ಮಾತು ಬರಲಿಲ್ಲ. ನನಗಾಗ ಹದಿನಾರು ತುಂಬಿತ್ತು. ಹುರಿಗಡಲೆಯ ವಯಸ್ಸು ದಾಟಿದ್ದೆನಾದರೂ ಅದು ನನ್ನ ಗಮನಕ್ಕೆ ಬಂದಿತ್ತು.

ಮದುವೆಯ ನಂತರ ಜಯನಗರದ ಕಾಂಪ್ಲೆಕ್ಸ್, ಹಣ್ಣಿಗೆ ಹಾಪ್‌ಕಾಮ್ಸ್. ಅಲ್ಲಿ ಬೆಲೆ ಹಲಗೆಯ ಮೇಲೆ ಬರೆದಿರುತ್ತಿತ್ತು, ಹಲಗೆಯ ಜೊತೆ ಚೌಕಾಸಿ ಮಾಡುವುದು ಹೇಗೆ? ಮುಂದೆ ಬುಟ್ಟಿ ಹಿಡಿದು ನಾವೇ ಆರಿಸಿಕೊಳ್ಳುವ ದೊಡ್ಡ ಅಂಗಡಿಗಳು ಬಂದವು. ಯಾರನ್ನೂ ಕೇಳದೆ ಸಾಮಾನಿಗೆ ಕೈಹಾಕುವಾಗ ಮೊದಮೊದಲು ಕದಿಯುತ್ತಿರುವಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ 2007ರಲ್ಲಿ ಫ್ಲಿಪ್‌ಕಾರ್ಟ್, 2011ರಲ್ಲಿ ಬಿಗ್‌ಬಾಸ್ಕೆಟ್, ಎರಡೂ ನಮ್ಮೂರಿನಲ್ಲೇ ಹುಟ್ಟಿದವು. ಬಟ್ಟೆಚೀಲ ಬಿಟ್ಟು ಪ್ಲಾಸ್ಟಿಕ್ ಹಿಡಿದೆವು, 2016ರಲ್ಲಿ ರಾಜ್ಯದಲ್ಲಿ ಅದನ್ನು ನಿಷೇಧಿಸಿದಾಗ ಹಳೆಯ ಬಟ್ಟೆಚೀಲ ಹುಡುಕಿ ಒಗೆದೆವು.

ಮತ್ತೆ ಗುರುವಾರಕ್ಕೆ. ಕೇದಿಗೆ ಆ ಆ್ಯಪಿನಲ್ಲಿ ಇರಲಿಲ್ಲ. ಕೇದಿಗೆಯಿಲ್ಲದೆ ಲಕ್ಷ್ಮಿಗೆ ಜಡೆ ಹೆಣೆಯುವುದು ನನ್ನಿಂದಾಗದು. ಮಂಡಿನೋವನ್ನು ಬೈದುಕೊಳ್ಳುತ್ತ ಬನಶಂಕರಿಯಿಂದ ಬಸ್ ಹತ್ತಿ ಗಾಂಧಿ ಬಜಾರಿಗೆ ಹೋದೆ. ಬಾಳೆಕಂದು, ಮಾವಿನ ಸೊಪ್ಪು, ತಾವರೆ, ಕಾಲಿಡಲು ಜಾಗವಿಲ್ಲ. ಪರಿಚಯದ ಹೂವಿನಾಕೆಯ ಬಳಿ ಕೇದಿಗೆ ಆರಿಸಿ, ಎರಡು ಮೊಳ ಕನಕಾಂಬರ ಕೇಳಿ, ಮೊಬೈಲ್ ತೆಗೆದೆ. ಗೋಡೆಯಲ್ಲಿ ಕ್ಯೂಆರ್ ಹಾಳೆ ಇದ್ದ ಕಡೆ ಈಗ ಅಂಟಿನ ಕಲೆ ಮಾತ್ರ. ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದ ಮೇಲೆ ನಗರದ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಬರಹ ಕಾಣಿಸಿಕೊಂಡಿತ್ತು. ಬಿಡಿ ಹೂವಿಗೆ ತೆರಿಗೆಯೇ ಇಲ್ಲವಮ್ಮಾ ಎಂದೆ. “ಯಾರಿಗೆ ಗೊತ್ತು ಅಕ್ಕಾ, ಮಗ ಬೇಡ ಅಂದ, ಕಿತ್ತುಹಾಕಿದೆ” ಎಂದಳು.

ನನ್ನ ಪರ್ಸಿನಲ್ಲಿದ್ದದ್ದು 40 ರೂಪಾಯಿ. ಬಸ್ಸಿಗೆ ಶಕ್ತಿ ಯೋಜನೆ, ಮಿಕ್ಕಿದ್ದಕ್ಕೆಲ್ಲ ಮೊಬೈಲ್, ನಗದು ಇಟ್ಟುಕೊಳ್ಳುವ ಅಭ್ಯಾಸವೇ ತಪ್ಪಿದೆ. ಹೂವನ್ನು ಹಿಂದಕ್ಕೆ ಚಾಚಿದೆ.

“ಹಬ್ಬದ ಹೂವನ್ನು ವಾಪಸ್ ಕೊಡುತ್ತಾರಾ? ಹಬ್ಬ ಮುಗಿಸಿಕೊಂಡು ಬನ್ನಿ” ಎಂದು ಗದರಿದಳು.

ನನ್ನ ಹಿಂದೆ ನಗದು ಹಿಡಿದವರು ಆರೇಳು ಮಂದಿ. ನನಗೆ ಗೊತ್ತಿಲ್ಲದಂತೆ ನಾನು ಪಕ್ಕಕ್ಕೆ ಸರಿದು ನಿಂತಿದ್ದೆ. ಕೊಸರು ಕೇಳಲು ನಾಲಗೆ ಏಳಲಿಲ್ಲ. ಅವಳು ಮಾತ್ರ ಕನಕಾಂಬರದ ತುದಿಯನ್ನು ಬೆರಳ ಸಂದಿಯಲ್ಲಿ ಹಿಡಿದು, ಮೊಳಕೈಯವರೆಗೆ ಎಳೆದು, ಕತ್ತರಿಸುವ ಹೊತ್ತಿಗೆ ಹೆಬ್ಬೆರಳನ್ನು ಇನ್ನೂ ಮೂರು ಬೆರಳಷ್ಟು ಮುಂದೆ ಜಾರಿಸಿದಳು. ಮೇಲೊಂದು ಎಸಳು ಮರುಗ ಇಟ್ಟು ಎಲೆ ಮಡಿಸಿದಳು.

ಶನಿವಾರ ಹೋಗಿ ಬಾಕಿ ತೀರಿಸಿದೆ. ಹೂವಿನ ಬೆಲೆ ಅರ್ಧಕ್ಕಿಳಿದಿತ್ತು. ದೇವರ ಪಟಕ್ಕೆಂದು ಒಂದು ಮೊಳ ಮಲ್ಲಿಗೆ ತೆಗೆದುಕೊಂಡು, ಅದಕ್ಕೆ ನಗದನ್ನೇ ಎಣಿಸಿ ಕೊಟ್ಟ ಮೇಲೆ ನನಗೆ ಮಾತು ಬಂತು.

“ಸ್ವಲ್ಪ ಕೊಸರು ಹಾಕಮ್ಮ.”

“ಮೊನ್ನೆಯೇ ಹಾಕಿದ್ದೆನಲ್ಲ ಅಕ್ಕಾ!” ಎಂದಳು.