ಆ ಹುಡುಗಿ ಇದನ್ನ ನೋಡಿದ್ಲಾ?

ಶನಿವಾರ ರಾತ್ರಿಯಿಂದ ಒಂದೇ ಮಾತು ಕಿವಿಯಲ್ಲಿ ಕೂತಿದೆ. "ಅಮ್ಮಾ, ಆ ಹುಡುಗಿ ಇದನ್ನ ನೋಡಿದ್ಲಾ?"

ನಾವಿರುವುದು ಅಮೆರಿಕದ ಮಿನಿಯಾಪೊಲಿಸ್ ಹತ್ತಿರ. ನನ್ನ ಗಂಡನ ಆಫೀಸಿನವರೊಬ್ಬರು ಊಟಕ್ಕೆ ಕರೆದಿದ್ದರು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ತುಂಬಾ ಒಳ್ಳೆಯ ಮನುಷ್ಯ. ಊಟ ಆದ ಮೇಲೆ ಒಂದು ಹಳೇ ವಿಡಿಯೊ ಕ್ಯಾಸೆಟ್ ತಂದರು. ಅದರ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಪೆನ್ನಿನ ಅಕ್ಷರ, ಅರ್ಧ ಅಳಿಸಿಹೋಗಿತ್ತು. ಹುಡುಗನಾಗಿದ್ದಾಗ ಟಿವಿಯಿಂದ ತಾವೇ ರೆಕಾರ್ಡ್ ಮಾಡಿಕೊಂಡದ್ದಂತೆ. "ಇದು ನಮ್ಮೂರಲ್ಲಿ ಹುಟ್ಟಿದ್ದು, ನೀವು ನೋಡಲೇಬೇಕು" ಅಂದರು.

'ಮಿಸ್ಟರಿ ಸೈನ್ಸ್ ಥಿಯೇಟರ್ 3000'. ಜೋಯೆಲ್ ಹಾಡ್ಜ್‌ಸನ್ 1988ರಲ್ಲಿ ಇಲ್ಲಿನ ಒಂದು ಸಣ್ಣ ಚಾನೆಲ್‌ನಲ್ಲಿ ಶುರು ಮಾಡಿದ ಕಾರ್ಯಕ್ರಮ. ಬಾಹ್ಯಾಕಾಶದಲ್ಲಿ ಕೂಡಿಹಾಕಿದ ಒಬ್ಬ ಮನುಷ್ಯ, ಅವನ ಜೊತೆಗೆ ಮನೆ ಸಾಮಾನುಗಳಿಂದ ಮಾಡಿದ ರೋಬೋಟ್ ಗೊಂಬೆಗಳು. ಕೆಟ್ಟ ಸಿನಿಮಾಗಳನ್ನು ಅವರು ನೋಡಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಪರದೆಯ ಕೆಳಗೆ ಥಿಯೇಟರ್ ಕುರ್ಚಿಗಳ ಕಪ್ಪು ನೆರಳು, ಬಲಗಡೆ ಮೂರು ತಲೆ. ಸಿನಿಮಾ ಓಡುತ್ತಿದ್ದಂತೆ ಅದನ್ನು ಗೇಲಿ ಮಾಡುವ ಆ ಮೂವರ ಮಾತೂ ಓಡುತ್ತದೆ.

ನಮ್ಮನ್ನು ಕರೆದವರು ಹಾಕಿದ್ದು 1993ರ ಕಂತು. ಅದರಲ್ಲಿ ನೋಡುವ ಸಿನಿಮಾ 'ಮ್ಯಾನೋಸ್: ದ ಹ್ಯಾಂಡ್ಸ್ ಆಫ್ ಫೇಟ್', 1966ರದ್ದು. ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಗೊಬ್ಬರ ಮಾರುತ್ತಿದ್ದ ಹೆರಾಲ್ಡ್ ವಾರೆನ್ ತಾನೂ ಒಂದು ಸಿನಿಮಾ ಮಾಡಬಲ್ಲೆ ಅಂತ ಬಾಜಿ ಕಟ್ಟಿ ಮಾಡಿದ್ದು. ಕ್ಯಾಮೆರಾಕ್ಕೆ ಕೈಯಲ್ಲಿ ಕೀ ಕೊಡಬೇಕಿತ್ತು. ಒಂದು ಸಲಕ್ಕೆ 32 ಸೆಕೆಂಡು ಮಾತ್ರ ಓಡುತ್ತಿತ್ತು. ಶೂಟಿಂಗ್‌ನಲ್ಲಿ ಮಾತು ರೆಕಾರ್ಡ್ ಮಾಡಲೇ ಇಲ್ಲ. ಆಮೇಲೆ ನಾಲ್ಕೈದು ಜನ ಸೇರಿ ಎಲ್ಲರ ಮಾತನ್ನೂ ಡಬ್ ಮಾಡಿದರು.

ಸಿನಿಮಾದಲ್ಲಿ ಒಂದು ಪುಟ್ಟ ಹುಡುಗಿ ಇದ್ದಾಳೆ. ಅವಳು ಬಾಯಿ ತೆರೆದರೆ ದೊಡ್ಡ ಹೆಂಗಸೊಬ್ಬಳು ಮಗುವಿನ ಹಾಗೆ ದನಿ ಮಾಡಿ ಮಾತಾಡಿದ್ದು ಕೇಳಿಸುತ್ತದೆ. ನಾವೆಲ್ಲ ನಕ್ಕೆವು. ನಾನಂತೂ ಜೋರಾಗಿ ನಕ್ಕೆ. ಆಗಲೇ ಒಂಬತ್ತು ವರ್ಷದ ನನ್ನ ಮಗಳು ಅದನ್ನು ಕೇಳಿದ್ದು. "ಅಮ್ಮಾ, ಆ ಹುಡುಗಿ ಇದನ್ನ ನೋಡಿದ್ಲಾ?" ಅವಳು ನಗುತ್ತಿರಲಿಲ್ಲ. ಅವರು ರಿಮೋಟ್ ಒತ್ತಿ ನಿಲ್ಲಿಸಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನಿದ್ದೆ ಬರಲಿಲ್ಲ, ಹುಡುಕಿದೆ. ನೋಡಿದ್ದಾಳೆ. ಅವಳ ಹೆಸರು ಜ್ಯಾಕಿ ನೇಮನ್. ಸಿನಿಮಾದ ಖಳನಾಯಕ ಅವಳ ಅಪ್ಪನೇ. ಅದರಲ್ಲಿರುವ ನಾಯಿಯೂ ಅವರ ಮನೆಯದ್ದೇ. ದೊಡ್ಡವರಿಗೆಲ್ಲ ಲಾಭದಲ್ಲಿ ಪಾಲು ಕೊಡುತ್ತೇನೆ ಅಂದಿದ್ದ ವಾರೆನ್. ಕೈಗೆ ಏನಾದರೂ ಸಿಕ್ಕಿದ್ದು ಇವಳಿಗೆ ಮತ್ತು ನಾಯಿಗೆ ಮಾತ್ರವಂತೆ. ಇವಳಿಗೊಂದು ಸೈಕಲ್, ನಾಯಿಗೆ ತಿನ್ನಲು ಆಹಾರ. ಎಲ್ ಪಾಸೊದಲ್ಲಿ ಮೊದಲ ಪ್ರದರ್ಶನದ ದಿನ ಪರದೆಯ ಮೇಲೆ ತನ್ನ ಬಾಯಿಂದ ಬೇರೆ ಯಾರದೋ ದನಿ ಬಂದದ್ದು ಕೇಳಿ ಆ ಮಗು ಅಲ್ಲೇ ಅತ್ತುಬಿಟ್ಟಿತಂತೆ.

ಇದನ್ನು ಓದಿದಾಗ ನನ್ನ ನಾಲ್ಕನೇ ಕ್ಲಾಸು ನೆನಪಾಯಿತು. ಶಾಲೆಯ ವಾರ್ಷಿಕೋತ್ಸವಕ್ಕೆ ನನಗೆ ಹಾಡು ಕಲಿಸಿದ್ದರು. ಕೊನೆಯ ದಿನ ಟೀಚರ್ ಬಂದು, "ಕ್ಯಾಸೆಟ್ ಹಾಕ್ತೀವಿ, ನೀನು ಸುಮ್ನೆ ಬಾಯಿ ಆಡಿಸು" ಅಂದರು. ಅಷ್ಟು ದಿನ ನನ್ನ ದನಿಯಲ್ಲೇ ಹಾಡಿ ಹಾಡಿ ಕಲಿತಿದ್ದೆ. ಅವತ್ತು ಚಪ್ಪಾಳೆ ಬಂತು, ನನಗೆ ಅದು ಬೇಡವಾಗಿತ್ತು. ಆ ಟೀಚರ್ ಕೆಟ್ಟವರಲ್ಲ. ಕಾರ್ಯಕ್ರಮ ಚೆನ್ನಾಗಿ ಆಗಲಿ ಅಂತಷ್ಟೇ ಅವರಿಗಿದ್ದದ್ದು. ವಾರೆನ್‌ಗೂ ಅಷ್ಟೇ ಇದ್ದಿರಬೇಕು. ಆದರೂ ಅವನ ಮೇಲೆ ನನಗೆ ಸಿಟ್ಟಿದೆ. ಮಗುವಿಗೆ ಒಂದು ಮಾತು ಮೊದಲೇ ಹೇಳಬಹುದಿತ್ತು ಅಲ್ವಾ?

ಕಾರ್ಯಕ್ರಮದ ಮೇಲೆ ಮಾತ್ರ ನನಗೆ ಸಿಟ್ಟು ಬರಲಿಲ್ಲ. ಈಗ ಮೊಬೈಲಿನಲ್ಲಿ ಯಾರನ್ನೋ ಹತ್ತು ಸೆಕೆಂಡು ನೋಡಿ ಉಗಿದು ಮುಂದೆ ಹೋಗುತ್ತೇವೆ. ಇವರು ಹಾಗಲ್ಲ. ಬರೆಯುವವರು ಒಂದೊಂದು ಸಿನಿಮಾವನ್ನೂ ಮತ್ತೆ ಮತ್ತೆ ನೋಡಿ ಮಾತು ಬರೆಯುತ್ತಿದ್ದರು. ಪರದೆಯ ಮೇಲೂ ಅಷ್ಟೇ, ಕೊನೆಯ ತನಕ ಜೊತೆಯಲ್ಲಿ ಕೂರುತ್ತಾರೆ. ಎಲ್ಲರೂ ಮರೆತೇಬಿಟ್ಟಿದ್ದ ಆ ಸಿನಿಮಾ ಇವರಿಂದಲೇ ಮತ್ತೆ ಬದುಕಿತು. 2011ರಲ್ಲಿ ಅದರ ಹಳೇ ರೀಲು ಸಿಕ್ಕಿತು. ಒಬ್ಬರು ಕೂತು ಅದನ್ನು ಸರಿಪಡಿಸಿದರು. ಜ್ಯಾಕಿ ಅದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

ಬೆಳಿಗ್ಗೆ ದೋಸೆ ಹಾಕುತ್ತಾ ಇದನ್ನೆಲ್ಲ ಮಗಳಿಗೆ ಹೇಳಿದೆ. ಸೈಕಲ್ ವಿಷಯ ಅವಳಿಗೆ ಇಷ್ಟವಾಯಿತು. ಅತ್ತದ್ದನ್ನು ಕೇಳಿ ಸುಮ್ಮನಾದಳು. ಸ್ವಲ್ಪ ಹೊತ್ತಿಗೆ, "ಹಾಗಾದ್ರೆ ಅವಳ ದನಿ ನಿಜವಾಗ್ಲೂ ಹೇಗಿತ್ತು?" ಅಂದಳು.

ಆ ವಯಸ್ಸಿನ ದನಿ ಎಲ್ಲಿ ಸಿಗುತ್ತೆ? ಜ್ಯಾಕಿ ದೊಡ್ಡವರಾದ ಮೇಲೆ ಮಾತಾಡಿದ ಒಂದು ಸಂದರ್ಶನ ಹುಡುಕಿ ಹಾಕಿದೆ. ಮಗಳು ಫೋನನ್ನು ನೀರಿನ ಲೋಟಕ್ಕೆ ಒರಗಿಸಿಕೊಂಡಳು. ದೋಸೆ ಆರಿಹೋಗುವ ತನಕ ಕೇಳುತ್ತಾ ಕೂತಳು.