ಕಿವಿ ಕೇಳಿದ ಪೈಪು, ಮೂಗು ಬಿಚ್ಚಿಸಿದ ಪೈಪು

ಹಳೇ ಕ್ಯಾಲೆಂಡರ್ ಒಂದನ್ನು ಕೊಳವೆಯ ಹಾಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಕಾರಿನ ಕೆಳಗೆ ಅಂಗಾತ ಮಲಗಿಕೊಂಡು ಅದನ್ನು ವೇಸ್ಟ್‌ಗೇಟಿನ ಬಾಯಿಗೆ ಹಿಡಿದು ನೋಡುತ್ತಿದ್ದೆ. ಸ್ಟೇರಿಂಗ್ ರಾಡಿಗೆ ತಾಗುತ್ತೆ. ಸ್ವಲ್ಪ ತಿರುಗಿಸಿದರೆ ಗೇರ್‌ಬಾಕ್ಸಿಗೆ ತಾಗುತ್ತೆ. ಇನ್ನೂ ತಿರುಗಿಸಿದರೆ ಕ್ಯಾಲೆಂಡರಿನ ಮಾರ್ಚ್ ತಿಂಗಳು ಹರಿಯುತ್ತೆ. ಒಂದು ಭಾನುವಾರ ಪೂರ್ತಿ ಹೀಗೇ ಹೋಯಿತು. ಅಸಲಿಗೆ ಈ ಕೆಲಸವನ್ನು ನಾಲ್ಕು ತಿಂಗಳ ಹಿಂದೆಯೇ ಮಾಡಬೇಕಿತ್ತು. ಆಗ ಪೈಪು ಎಲ್ಲಿಗೆ ಹೋಗಬೇಕು ಅಂತ ಯೋಚಿಸಲೇ ಇಲ್ಲ. ಹೇಗೆ ಕೂಗಬೇಕು ಅಂತ ಮಾತ್ರ ಯೋಚಿಸಿದ್ದೆ.

ಇದರ ಗಂಧ ಗಾಳಿ ಇಲ್ಲದವರಿಗೆ ಎರಡು ಮಾತು. ಟರ್ಬೊ ಅಂದರೆ ಒಂದೇ ದಂಡಕ್ಕೆ ಎರಡು ಚಕ್ರ. ಎಂಜಿನ್ನಿನಿಂದ ಬರುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತೆ, ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತೆ. ಗಾಳಿ ಜಾಸ್ತಿ ಆದರೆ ಹೊಗೆ ಜಾಸ್ತಿ, ಹೊಗೆ ಜಾಸ್ತಿ ಆದರೆ ಚಕ್ರ ಇನ್ನೂ ಜೋರು, ಮತ್ತೆ ಗಾಳಿ ಜಾಸ್ತಿ. ಎಲ್ಲೋ ಒಂದು ಕಡೆ ನಿಲ್ಲಿಸದಿದ್ದರೆ ಎಂಜಿನ್ ಉಳಿಯಲ್ಲ. ಕೆರೆಗೆ ಕೋಡಿ ಇದ್ದ ಹಾಗೆ ಇದಕ್ಕೆ ವೇಸ್ಟ್‌ಗೇಟ್. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಒಂದು ಮಟ್ಟಕ್ಕೆ ಬಂದಾಗ ಅದು ಬಾಯಿ ಬಿಟ್ಟು, ಉಳಿದ ಹೊಗೆಯನ್ನು ಚಕ್ರಕ್ಕೆ ತಾಗದ ಹಾಗೆ ಪಕ್ಕದಿಂದ ಹೊರಗೆ ಬಿಡುತ್ತೆ. ಕಂಪನಿಯಿಂದ ಬರುವ ಹೆಚ್ಚಿನ ಕಾರುಗಳಲ್ಲಿ ಇದು ಟರ್ಬೊದ ಒಳಗೇ ಇರುವ ಒಂದು ಸಣ್ಣ ಮುಚ್ಚಳ. ನಾನು ನನ್ನ 2 ಲೀಟರ್ ಎಂಜಿನ್ನಿಗೆ ದೊಡ್ಡ ಟರ್ಬೊ, ಎಂಜಿನ್ನಿನ ಹೊಗೆಯನ್ನು ಟರ್ಬೊಗೆ ಒಯ್ಯುವ ಹೊಸ ಮ್ಯಾನಿಫೋಲ್ಡ್ ಹಾಕಿಸಿದಾಗ ಗೇಟು ಹೊರಗೆ ಬಂತು. 44 ಮಿಲಿಮೀಟರ್ ವಾಲ್ವ್, ಒಳಗೆ 0.7 ಬಾರ್ ಒತ್ತಡಕ್ಕೆ ಬಾಯಿ ಬಿಡುವ ಸ್ಪ್ರಿಂಗ್, ಬೂಸ್ಟ್ ಏರಿಸಲು ಕಂಟ್ರೋಲರ್ ಇಟ್ಟು 1 ಬಾರ್‌ವರೆಗೆ ಓಡಿಸುವ ಲೆಕ್ಕ.

ಕೋಡಿ ಬಿದ್ದ ನೀರು ಯಾರ ಗದ್ದೆಗೆ ಹೋಗುತ್ತೆ ಅನ್ನೋದು ಊರಿನವರಿಗೆ ದೊಡ್ಡ ಜಗಳದ ವಿಷಯ, ಅಲ್ವಾ? ನನಗೆ ಇಲ್ಲಿ ಅದು ವಿಷಯವೇ ಅನಿಸಲಿಲ್ಲ. ಗೇಟಿನ ಬಾಯಿಗೆ ಒಂದು ಗೇಣುದ್ದ ಪೈಪು, ನೆಲದ ಕಡೆ ಮುಖ ಮಾಡಿ, ಅಷ್ಟೇ. ಇದಕ್ಕೆ ಸ್ಕ್ರೀಮರ್ ಪೈಪ್ ಅಂತಾರೆ. ಹೆಸರು ಸುಮ್ನೆ ಬಂದಿಲ್ಲ. ಚಕ್ರವನ್ನು ದಾಟಿ ಬರುವ ಹೊಗೆ ತನ್ನ ಸದ್ದಿನ ದೊಡ್ಡ ಪಾಲನ್ನು ಅಲ್ಲೇ ಕಳೆದುಕೊಳ್ಳುತ್ತೆ, ಆಮೇಲೆ ಸೈಲೆನ್ಸರ್ ಬೇರೆ ಇರುತ್ತೆ. ಗೇಟಿನಿಂದ ಬರುವುದಕ್ಕೆ ಎರಡೂ ಇಲ್ಲ. ಎಂಜಿನ್ನಿನ ಗಂಟಲೇ ನೇರ ರಸ್ತೆಗೆ ತೆರೆದ ಹಾಗೆ.

ಮೊದಲ ದಿನ ಓಡಿಸಿದಾಗ ಸುಮಾರು 4000 ಆರ್‌ಪಿಎಂ ದಾಟುತ್ತಿದ್ದಂತೆ ಗೇಟು ಬಿಟ್ಟುಕೊಂಡಿತು ನೋಡಿ, ಅದುವರೆಗೂ ಸಭ್ಯವಾಗಿದ್ದ ಕಾರು ಬಟ್ಟೆ ಹರಿದ ಹಾಗೆ, ತಗಡು ಸೀಳಿದ ಹಾಗೆ ಕಿರುಚಿತು, ನಾನು ಒಬ್ಬನೇ ಕೂತು ಹುಚ್ಚನ ಥರ ನಕ್ಕೆ. ಸುಳ್ಳು ಹೇಳಲ್ಲ, ಆ ಸದ್ದು ಈಗಲೂ ನನಗೆ ಇಷ್ಟ. ಫಾರ್ಮುಲಾ ಒನ್‌ನವರಿಗೂ ಇಷ್ಟವೇ. 2014ರಲ್ಲಿ 1.6 ಲೀಟರ್ ಟರ್ಬೊ ಎಂಜಿನ್ ಬಂದಾಗ ಸದ್ದೇ ಇಲ್ಲ ಅಂತ ಜನ ಗೊಣಗಿದರು. 2016ರಿಂದ ವೇಸ್ಟ್‌ಗೇಟಿನ ಹೊಗೆಗೆ ಬೇರೆಯೇ ಪೈಪು ಇರಬೇಕು ಅಂತ ನಿಯಮ ಮಾಡಿದರು, ಸದ್ದು ಜಾಸ್ತಿ ಆಗಲಿ ಅಂತ. ಈ ಸಂಗತಿಯನ್ನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹೆಂಡತಿಗೂ ಹೇಳಿದೆ. ಅವಳು ಎರಡು ಕಿಲೋಮೀಟರ್ ಸುಮ್ಮನೆ ಕೂತಿದ್ದು, "ಇದು ಕೆಟ್ಟಿದೆಯಾ, ಇಲ್ಲಾ ದುಡ್ಡು ಕೊಟ್ಟು ಹೀಗೆ ಮಾಡಿಸಿದ್ದಾ?" ಅಂದಳು.

ಆಮೇಲೆ ಬಂತು ಘಾಟಿಯ ದಿನ.

ಉದ್ದದ ಏರು ರಸ್ತೆ, ಮಳೆ, ಕಿಟಕಿ ಎಲ್ಲ ಮುಚ್ಚಿದ್ದೆ, ಫ್ಯಾನ್ ಹೊರಗಿನ ಗಾಳಿ ಎಳೆಯುತ್ತಿತ್ತು. ಏರಿನಲ್ಲಿ ಕಾಲು ಒತ್ತಿಯೇ ಇರಬೇಕು, ಅಂದರೆ ಗೇಟು ಮತ್ತೆ ಮತ್ತೆ ತೆರೆಯುತ್ತೆ, ಪ್ರತಿ ತಿರುವಿನಲ್ಲಿ ನಿಧಾನ ಮಾಡಿದಾಗ ಕೆಳಗೆ ಬಿಟ್ಟ ಹೊಗೆಯೇ ಬಾನೆಟ್ ಸುತ್ತ ಎದ್ದು ಬರುತ್ತೆ. ಮುಂದಿನ ಗಾಜಿನ ಬುಡದಿಂದಲೇ ಕಾರಿನೊಳಗೆ ಗಾಳಿ ಹೋಗುವುದು ಅನ್ನೋದು ನನಗೆ ಗೊತ್ತಿದ್ದ ವಿಷಯವೇ. ತಲೆಗೆ ಹೊಳೆದಿರಲಿಲ್ಲ. ಮೊದಲು ಹಸಿ ಪೆಟ್ರೋಲಿನ ಘಾಟು ಬಂತು. ಹೊಸ ಪೈಪು, ಅಂಟಿದ ಎಣ್ಣೆ ಸುಡುತ್ತಿರಬೇಕು ಅಂದುಕೊಂಡೆ. ಅರ್ಧ ಗಂಟೆಗೆ ಹಣೆ ಬಿಗಿದ ಹಾಗಾಯಿತು. ಪಕ್ಕದಲ್ಲಿ ಹೆಂಡತಿ, "ನನಗೆ ತಲೆ ಸುತ್ತುತ್ತಿದೆ, ನಿಲ್ಲಿಸಿ" ಅಂದಳು. ನಿಲ್ಲಿಸಿದೆ. ಮಳೆಯಲ್ಲೇ ಬಾಗಿಲು ತೆಗೆದು ಇಬ್ಬರೂ ಹೊರಗೆ ನಿಂತೆವು.

ಅಲ್ಲಿ ನಿಂತಾಗ ಹೆದರಿಕೆ ಆಗಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದಾಗ ಆಯಿತು. ಟರ್ಬೊ ಇರುವ ಪೆಟ್ರೋಲ್ ಎಂಜಿನ್ನಿಗೆ ಪೂರ್ತಿ ಹೊರೆ ಬಿದ್ದಾಗ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಹಾಕುತ್ತೇವೆ, ಒಳಗೆ ತಂಪಾಗಿರಲಿ, ಪೆಟ್ರೋಲ್ ತಾನಾಗೇ ಸಿಡಿದು ಬಡಿತ ಬರದಿರಲಿ ಅಂತ. ಆ ಪೆಟ್ರೋಲ್ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷದ ಗಾಳಿ ಆಗುತ್ತೆ, ಹೊಗೆಯಲ್ಲಿ ನೂರಕ್ಕೆ ಐದು ಪಾಲಿಗೂ ಮೇಲೆ ಇರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನನ್ನ ಮೂಗಿಗೆ ಬಡಿದದ್ದು ಅದರ ಜೊತೆ ಬಂದ ಉರಿಯದ ಪೆಟ್ರೋಲು ಅಷ್ಟೇ. ಹಿಂದಿನ ಪೈಪಿನಿಂದ ಹೋಗುವ ಹೊಗೆಗೆ ಅದರ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆ, ಕಾರಿನ ಹಿಂದೆ ಹೋಗಿ ಬೀಳುತ್ತೆ. ಗೇಟಿನದು ಹಸಿ ಹೊಗೆ, ನಮ್ಮ ಕಾಲಿನ ಮುಂದೆಯೇ ಬೀಳುತ್ತೆ. ಎಷ್ಟೋ ದೇಶಗಳಲ್ಲಿ ರಸ್ತೆಯ ಮೇಲೆ ಇದಕ್ಕೆ ಅನುಮತಿ ಇಲ್ಲದಿರುವುದು ಸದ್ದಿಗೆ ಮಾತ್ರ ಅಲ್ಲ.

ಮರುದಿನ ಜಾಕ್ ಹಾಕಿ ನೋಡಿದರೆ ಇನ್ನೊಂದು ಬಹುಮಾನ. ಕಾರಿನ ಚಕ್ರಕ್ಕೆ ಹೋಗುವ ಆಕ್ಸಲ್ಲಿನ ರಬ್ಬರ್ ಬೂಟು ಬೆಂದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು, ಒಳಗಿನ ಗ್ರೀಸೆಲ್ಲ ಚಕ್ರದ ಒಳಮೈಗೆ ಎರಚಿತ್ತು. ಪೂರ್ತಿ ಹೊರೆಯಲ್ಲಿ ಟರ್ಬೊಗೆ ಮುಂಚಿನ ಹೊಗೆ 900 ಡಿಗ್ರಿ ಸೆಲ್ಸಿಯಸ್ ಹತ್ತಿರ ಹೋಗುತ್ತೆ. ಟರ್ಬೊದ ಚಕ್ರ ತಿರುಗಿಸುವಾಗ ಅದು ಒಂದಷ್ಟು ಬಿಸಿ ಕಳೆದುಕೊಳ್ಳುತ್ತೆ. ಗೇಟಿನ ಹೊಗೆಗೆ ಆ ಕಳೆಯುವ ಲೆಕ್ಕ ಇಲ್ಲ, ಒಲೆಯಿಂದ ತೆಗೆದ ಹಾಗೇ ಬರುತ್ತೆ. ನನ್ನ ಗೇಣುದ್ದದ ಪೈಪು ಅದನ್ನು ನೇರ ಬೂಟಿಗೆ ಊದುತ್ತಿತ್ತು. ನಾನು ಇಟ್ಟ ದಿಕ್ಕೇ ಅದು.

ಸರಿ, ಈಗ ಎಲ್ಲಿಗೆ? ಪೈಪನ್ನು ಉದ್ದ ಮಾಡಿ ಕಾರಿನ ಹಿಂದಿನವರೆಗೆ ಒಯ್ಯಬಹುದು, ಆದರೆ ಕೆಳಗೆ ಎರಡನೇ ಎಕ್ಸಾಸ್ಟಿಗೆ ಜಾಗ ಎಲ್ಲಿದೆ? ಅದಕ್ಕೇ ಒಂದು ಸಣ್ಣ ಸೈಲೆನ್ಸರ್ ಹಾಕಬಹುದು, ಸದ್ದು ಕಮ್ಮಿ ಆಗುತ್ತೆ, ಹೊಗೆ ಅಲ್ಲೇ ಇರುತ್ತೆ. ರೇಸಿಗೆ ಮಾತ್ರ ಇರುವ, ಕಿಟಕಿ ಗಾಜೂ ಇಲ್ಲದ ಕಾರಾದರೆ ತೆರೆದ ಪೈಪೇ ಇರಲಿ ಅಂತ ನಾನೂ ಹೇಳುತ್ತೇನೆ. ಹಗುರ, ಸುಲಭ, ಟರ್ಬೊದಿಂದ ಹೊರಡುವ ಹೊಗೆಗೆ ಅಡ್ಡಿ ಇಲ್ಲ. ನನ್ನದು ಮನೆಯವರು ಕೂರುವ ಕಾರು. ಹಾಗಾಗಿ ಗೇಟಿನ ಹೊಗೆಯನ್ನು ವಾಪಸ್ ಡೌನ್‌ಪೈಪಿಗೇ, ಅಂದರೆ ಟರ್ಬೊದಿಂದ ಹೊಗೆ ಇಳಿದು ಹೋಗುವ ಪೈಪಿಗೇ, ಸೇರಿಸಬೇಕು, ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆ. ಇಷ್ಟು ತೀರ್ಮಾನ ಆಗಲು ಐದು ನಿಮಿಷ ಸಾಕಾಯಿತು. ಸರಿಯಾಗಿ ಸೇರಿಸಲು ಎರಡು ಸಲ ಬೇಕಾಯಿತು.

ಮೊದಲ ಸಲ ನಾನೇ ಜಾಣ ಅಂದುಕೊಂಡೆ. ಗೇಟಿನಿಂದ ಡೌನ್‌ಪೈಪಿಗೆ ಅತಿ ಹತ್ತಿರದ ದಾರಿ ಹಿಡಿದು, ಟರ್ಬೊದ ಬಾಯಿಂದ ನಾಲ್ಕು ಬೆರಳು ಕೆಳಗೆ, ನೆಟ್ಟಗೆ ಅಡ್ಡವಾಗಿ ಒಂದು ತುಂಡು ಪೈಪು ಕೂರಿಸಿ ವೆಲ್ಡ್ ಮಾಡಿಸಿದೆ. ನೋಡಲು ಚೊಕ್ಕ. ಸದ್ದಿಲ್ಲ, ವಾಸನೆ ಇಲ್ಲ. ಟ್ರ್ಯಾಕಿಗೆ ಒಯ್ದು ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಬೂಸ್ಟ್ 1 ಬಾರ್‌ಗೆ ಬಂತು, ನಿಲ್ಲಲಿಲ್ಲ, 1.1 ಆಯಿತು, 1.2 ಆಯಿತು, 6000 ದಾಟುವ ಹೊತ್ತಿಗೆ ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಹೆದರಿ ಪೆಟ್ರೋಲ್ ಕಟ್ ಮಾಡಿ ಕಾರು ಮುಗ್ಗರಿಸಿತು. ಕಂಟ್ರೋಲರ್ ಮೇಲೆ ಅನುಮಾನ ಬಂತು. ಅದರ ಪೈಪು ತೆಗೆದು ಬರೀ ಸ್ಪ್ರಿಂಗಿನ ಮೇಲೆ ಓಡಿಸಿದೆ. 0.7ರಲ್ಲಿ ಶುರುವಾಗಿ ಕೊನೆಗೆ ಮತ್ತೆ 1.2ರ ಹತ್ತಿರ. 0.5ರ ಸ್ಪ್ರಿಂಗ್ ಹಾಕಿದೆ. ಶುರು ಕೆಳಗಾಯಿತು, ಕೊನೆ ಅಲ್ಲೇ.

ಅಲ್ಲಿಗೆ ಗೊತ್ತಾಯಿತು. ಸ್ಪ್ರಿಂಗ್ ಬದಲಿಸಿದರೂ ಮೇಲಿನ ತುದಿ ಬದಲಾಗದಿದ್ದರೆ ವಾಲ್ವ್ ಆಗಲೇ ಪೂರ್ತಿ ತೆರೆದಿದೆ ಅಂತ ಅರ್ಥ. ಅದರಿಂದಾಚೆ ಹೋಗಲು ಹೊಗೆಗೆ ದಾರಿ ಸಾಲುತ್ತಿಲ್ಲ, ಉಳಿದದ್ದು ಚಕ್ರದ ಮೇಲೇ ಬೀಳುತ್ತಿದೆ. ಬೂಸ್ಟ್ ಕ್ರೀಪ್ ಅಂತಾರಲ್ಲ, ಅದು. ಸಾಮಾನ್ಯವಾಗಿ ಇದರ ತಪ್ಪು ಗೇಟಿನ ಹಿಂದೆ ಇರುತ್ತೆ, ಗೇಟು ಚಿಕ್ಕದಿರುತ್ತೆ, ಇಲ್ಲಾ ಮ್ಯಾನಿಫೋಲ್ಡಿನಲ್ಲಿ ಹೊಗೆ ಹಿಮ್ಮುಖ ತಿರುಗಿ ಗೇಟಿಗೆ ಹೋಗುವ ಹಾಗೆ ಕೂರಿಸಿರುತ್ತಾರೆ. ನನ್ನದರಲ್ಲಿ ಹಳೇ ಗೇಣುದ್ದದ ಪೈಪನ್ನು ಮತ್ತೆ ಹಾಕಿ ಟ್ರ್ಯಾಕಿನಲ್ಲಿ ಒಂದು ಸುತ್ತು ನೋಡಿದರೆ ಬೂಸ್ಟ್ ಗೆರೆ ಎಳೆದ ಹಾಗೆ 1 ಬಾರ್‌ನಲ್ಲಿ ನಿಂತಿತು. ಅಂದಮೇಲೆ ತಪ್ಪು ಗೇಟಿನ ಮುಂದಿನದು. ಟರ್ಬೊದಿಂದ ಸುಳಿ ಸುತ್ತಿಕೊಂಡು ಹೊರಬರುವ ಹೊಗೆಗೆ ಅಡ್ಡವಾಗಿ ನಾನು ಇನ್ನೊಂದು ಹೊಗೆಯನ್ನು ಗುದ್ದಿಸಿದ್ದೆ. ಎರಡೂ ಒಂದನ್ನೊಂದು ತಡೆದು ನಿಂತಿದ್ದವು. ಕೋಡಿ ಕಾಲುವೆಗೆ ಕಸ ಕಟ್ಟಿಕೊಂಡ ಹಾಗೆ.

ಅಡ್ಡ ಪೈಪನ್ನು ಬಿಚ್ಚುವಾಗ ಇನ್ನೊಂದು ಕಂಡಿತು. ಮೂರೇ ವಾರಕ್ಕೆ ವೆಲ್ಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ಅದನ್ನು ಹಿಡಿದುಕೊಂಡು ವೆಲ್ಡಿಂಗ್ ಮಾಡುವ ಅಣ್ಣನ ಹತ್ತಿರ ಹೋಗಿ, "ವೆಲ್ಡ್ ಬಿಟ್ಟಿದೆ ನೋಡಿ ಅಣ್ಣ" ಅಂದೆ. ಅವರು ಕನ್ನಡಕ ಏರಿಸಿ ನೋಡಿ, "ವೆಲ್ಡ್ ಬಿಟ್ಟಿಲ್ಲ, ಪಕ್ಕದ ಪೈಪು ಬಿಟ್ಟಿದೆ. ಬಿಸಿಯಾದ ಪೈಪು ಬೆಳೆಯುತ್ತಲ್ಲ, ಇದು ಎಲ್ಲಿಗೆ ಬೆಳೀಬೇಕು ಹೇಳಿ? ಎರಡೂ ಕಡೆ ಕಟ್ಟಿಹಾಕಿದ್ದೀರಿ" ಅಂದರು. ನಾನು ಬಾಯಿ ಮುಚ್ಚಿದೆ, ಅವತ್ತು ಹೀಗೇ ಮಾಡಿ ಅಂತ ಹಟ ಹಿಡಿದವನು ನಾನೇ.

ಸ್ಟೇನ್‌ಲೆಸ್ ಸ್ಟೀಲ್ ಒಂದು ಮೀಟರಿಗೆ ಪ್ರತಿ ನೂರು ಡಿಗ್ರಿಗೂ ಸುಮಾರು 1.7 ಮಿಲಿಮೀಟರ್ ಬೆಳೆಯುತ್ತೆ. 40 ಸೆಂಟಿಮೀಟರ್ ಪೈಪು 600 ಡಿಗ್ರಿ ಏರಿದರೆ ನಾಲ್ಕು ಮಿಲಿಮೀಟರ್. ಕೇಳಲು ಏನೂ ಅಲ್ಲ. ಆದರೆ ನಿಧಾನವಾಗಿ ಓಡಿಸುವಾಗ ಗೇಟು ಮುಚ್ಚಿರುತ್ತೆ, ಡೌನ್‌ಪೈಪ್ ಕಾದಿರುತ್ತೆ, ಈ ಅಡ್ಡ ಪೈಪು ಅದರಷ್ಟು ಕಾದಿರಲ್ಲ. ಕಾಲು ಒತ್ತಿದ ತಕ್ಷಣ ಇದಕ್ಕೆ ಅದಕ್ಕಿಂತ ಬಿಸಿ ಹೊಗೆ ನುಗ್ಗುತ್ತೆ. ಒಮ್ಮೆ ಅದು ಇದನ್ನು ಎಳೆಯುತ್ತೆ, ಒಮ್ಮೆ ಇದು ಅದನ್ನು ನೂಕುತ್ತೆ. ಗಂಡ ಹೆಂಡತಿ ಒಂದೇ ಕಂಬಳಿ ಎಳೆದಾಡಿದ ಹಾಗೆ, ಕೊನೆಗೆ ಹರಿಯುವುದು ಕಂಬಳಿಯೇ.

ಕ್ಯಾಲೆಂಡರ್ ಹಿಡಿದು ಮಲಗಿದ ಭಾನುವಾರ ಬಂದದ್ದು ಇದಾದ ಮೇಲೆ. ಈ ಸಲದ ದಾರಿ ಉದ್ದ. ಗೇಟಿನಿಂದ ಇಳಿದು, ಗೇರ್‌ಬಾಕ್ಸಿನ ಪಕ್ಕ ಮೆಲ್ಲಗೆ ಬಾಗಿ, ಟರ್ಬೊದ ಬಾಯಿಂದ ಸುಮಾರು 40 ಸೆಂಟಿಮೀಟರ್ ಕೆಳಗೆ, ಹೊಗೆ ಹರಿಯುವ ದಿಕ್ಕಿಗೇ ಓರೆಯಾಗಿ, ಹೆದ್ದಾರಿಗೆ ಪಕ್ಕದ ರಸ್ತೆ ಬಂದು ಸೇರುವ ಹಾಗೆ ಸೇರಬೇಕು. ಮಧ್ಯೆ ಒಂದು ಬೆಲ್ಲೋಸ್, ಅಂದರೆ ಸುಕ್ಕು ಸುಕ್ಕಾಗಿ ಹಿಗ್ಗಿ ಕುಗ್ಗುವ ತುಂಡು. ಗೇಟಿನ ಕಡೆ ವಿ-ಬ್ಯಾಂಡ್ ಕ್ಲ್ಯಾಂಪ್, ನಾಳೆ ಗೇಟು ಬಿಚ್ಚಬೇಕಾದರೆ ಡೌನ್‌ಪೈಪನ್ನೂ ಇಳಿಸುವ ಪಾಡು ಬೇಡ ಅಂತ. ಅಣ್ಣ ಮೊದಲು ಕಾರಿನ ಮೇಲೆಯೇ ನಾಲ್ಕು ಚುಕ್ಕೆ ವೆಲ್ಡ್ ಹಾಕಿ, ಎಂಜಿನ್ನನ್ನು ಕೈಯಲ್ಲಿ ಅಲ್ಲಾಡಿಸಿ, ಎಲ್ಲೂ ತಾಗಲ್ಲ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಬಿಚ್ಚಿ ಪೂರ್ತಿ ವೆಲ್ಡ್ ಮಾಡಿದರು. ಎಂಜಿನ್ ಅಲ್ಲಾಡುತ್ತೆ ಅನ್ನೋದನ್ನು ನನ್ನ ಕ್ಯಾಲೆಂಡರ್ ಲೆಕ್ಕಕ್ಕೆ ತಗೊಂಡಿರಲಿಲ್ಲ. ಅವರು ಒಂದು ಬಾಗನ್ನು ಅರ್ಧ ಇಂಚು ಸರಿಸಿದರು.

ಮತ್ತೆ ಅದೇ ಟ್ರ್ಯಾಕ್, ಅದೇ ಮೂರನೇ ಗೇರ್. 1 ಬಾರ್. 5000, 6000, 6500. ಮುಳ್ಳು ಕೊನೆಯಲ್ಲಿ ಒಂದು ಕೂದಲಷ್ಟು ಮೇಲೆ ಹೋಯಿತು, ಕಂಟ್ರೋಲರನ್ನು ಸ್ವಲ್ಪ ತಗ್ಗಿಸಿದ ಮೇಲೆ ಅದೂ ಸರಿಹೋಯಿತು. ತೆರೆದ ಪೈಪಿದ್ದಾಗಿನ ಸೆಟ್ಟಿಂಗನ್ನೇ ಇಟ್ಟುಕೊಂಡು ಓಡಿಸಬೇಡಿ, ಗೇಟಿನ ಆಚೆಯ ಒತ್ತಡ ಬದಲಾದರೆ ಬೂಸ್ಟ್ ಲೆಕ್ಕವೂ ಚೂರು ಬದಲಾಗುತ್ತೆ. ವೇಗದಲ್ಲಿ ನನಗೇನೂ ವ್ಯತ್ಯಾಸ ಗೊತ್ತಾಗಲಿಲ್ಲ. ತೆರೆದ ಪೈಪಿದ್ದಾಗ ಜೋರು ಅನಿಸುತ್ತಿದ್ದದ್ದು ಬಹುಪಾಲು ಸದ್ದಿನ ಮಹಿಮೆ.

ಹೋದ ತಿಂಗಳು ಅದೇ ಘಾಟಿ ಹತ್ತಿದೆವು, ಕಿಟಕಿ ಮುಚ್ಚಿಕೊಂಡೇ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ತಂದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದೆ, ಮೂಗನ್ನು ನಂಬುವ ಹಾಗಿಲ್ಲ ಅಂತ. ಅದು ಸೊನ್ನೆ ತೋರಿಸುತ್ತಲೇ ಇತ್ತು. ಮೇಲೆ ತಲುಪುವ ಹೊತ್ತಿಗೆ ಹೆಂಡತಿ ನಿದ್ದೆ ಹೋಗಿದ್ದಳು. ನಾನು ಗಾಬರಿಯಾಗಿ ಎಬ್ಬಿಸಿದೆ. "ಏನಾಯ್ತು?" ಅಂದಳು. ಏನಿಲ್ಲ, ತಲೆ ಸುತ್ತುತ್ತಿದೆಯಾ ಅಂತ ಕೇಳೋಣ ಅಂತ ಅಂದೆ. "ಮಲಗೋಕೆ ಬಿಡ್ರೀ" ಅಂತ ಮತ್ತೆ ಕಣ್ಣು ಮುಚ್ಚಿದಳು. ಕೆಳಗಿಳಿದು ಮನೆಗೆ ಬಂದ ಮೇಲೆ ಬೆಲ್ಲೋಸ್ ಹತ್ತಿರ ಟಾರ್ಚ್ ಬಿಟ್ಟು ನೋಡಿದೆ. ಸೀಳು ಇಲ್ಲ. ಕ್ಲ್ಯಾಂಪಿನ ನಟ್ಟು ಮಾತ್ರ ಕಾಲು ಸುತ್ತು ಸಡಿಲ ಆಗಿತ್ತು, ಬಿಗಿ ಮಾಡಿದೆ.