ಕಂದು ಹಾಕಿದ ಹಸು, ಬಿಡದ ಜ್ವರ

ಕೋಲಾರ ಜಿಲ್ಲೆಯ ನಮ್ಮೂರಿನಲ್ಲಿ ಬೆಳಗಾದರೆ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಲ್ಲದ ಮನೆಗಳು ಕಡಿಮೆ. ಎರಡು ವರ್ಷಗಳ ಹಿಂದೆ ನಮ್ಮ ಸೀಮೆಹಸು ಏಳು ತಿಂಗಳಿಗೇ ಕಂದು ಹಾಕಿತು. ಮಾಸು ಬೀಳದೆ ಉಳಿದಾಗ ಅಪ್ಪ ಅದನ್ನು ಬರಿಗೈಯಲ್ಲೇ ಎಳೆದು ತೆಗೆದು ತಿಪ್ಪೆಗೆ ಎಸೆದರು. ತಿಂಗಳು ಕಳೆಯುವುದರೊಳಗೆ ಅವರಿಗೆ ಸಂಜೆ ಏರಿ, ರಾತ್ರಿ ಅಂಗಿ ತೊಯ್ಯುವಷ್ಟು ಬೆವರಿಸಿ ಇಳಿಯುವ ಜ್ವರ ಶುರುವಾಯಿತು. ಸೊಂಟನೋವಿನಿಂದ ಕುಕ್ಕರಗಾಲಿನಲ್ಲಿ ಕುಳಿತು ಹಾಲು ಕರೆಯುವುದೂ ಆಗದಾಯಿತು. ಮೊದಲು ತೋರಿಸಿದ ಕಡೆ ಟೈಫಾಯ್ಡ್ ಎಂದು ಔಷಧಿ ಕೊಟ್ಟರು. ಮನೆಯಲ್ಲಿ ದನ ಇವೆಯೇ ಎಂದು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಕೊನೆಗೆ ರಕ್ತಪರೀಕ್ಷೆಯಲ್ಲಿ ಗೊತ್ತಾದದ್ದು ಬ್ರುಸೆಲ್ಲೋಸಿಸ್, ದನಗಳಿಂದ ಮನುಷ್ಯರಿಗೆ ಅಂಟುವ ಒಂದು ಬ್ಯಾಕ್ಟೀರಿಯಾ ರೋಗ. ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲಿ ವಿವರಿಸಿದ ಈ ಬ್ಯಾಕ್ಟೀರಿಯಾ ಗಬ್ಬದ ಹಸುವಿನ ಮಾಸಿನಲ್ಲಿ ಅಪಾರವಾಗಿ ಬೆಳೆದು, ಕೈಯ ಸಣ್ಣ ಗೀರಿನಿಂದಲೂ, ಕಾಯಿಸದ ಹಾಲಿನಿಂದಲೂ ಮನುಷ್ಯನ ಮೈ ಸೇರುತ್ತದೆ. ಅದು ನಮ್ಮ ಜೀವಕೋಶಗಳ ಒಳಗೇ ಅಡಗಿ ಕೂರುವುದರಿಂದ ಎರಡು ಬಗೆಯ ಮಾತ್ರೆಗಳನ್ನು, ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್, 6 ವಾರ ಬಿಡದೆ ನುಂಗಬೇಕಾಯಿತು. ಎರಡನೇ ವಾರಕ್ಕೇ ಜ್ವರ ನಿಂತಾಗ ಅಪ್ಪ ಮಾತ್ರೆ ಬಿಡಲು ಹೊರಟಿದ್ದರು, ಅಮ್ಮ ಬಿಡಲಿಲ್ಲ.

ಹಸುಗಳಿಗೆ ಮಾತ್ರ ಇಂಥ ಚಿಕಿತ್ಸೆ ಸಾಮಾನ್ಯವಾಗಿ ಇಲ್ಲ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಹಾಕಿಸುವ ಲಸಿಕೆಯೇ ಮುಖ್ಯ ರಕ್ಷಣೆ. ಈಗ ಕೊಟ್ಟಿಗೆಯ ಗೂಟಕ್ಕೆ ಭುಜದವರೆಗಿನ ಕೈಗವಸೊಂದು ನೇತಾಡುತ್ತಿದೆ, ಬಾಗಿಲ ಬಳಿ ಸುಣ್ಣದ ಚೀಲವಿದೆ.